ಗಡಿನಾಡಿನ ವಿದ್ಯಾರ್ಥಿಯೂ ಕ್ರೆಡಿಟ್ ವರ್ಗಾವಣೆಯೂ

ಒಂದು ವಿಶ್ವವಿದ್ಯಾನಿಲಯದಲ್ಲಿ ಓದಿ ತೇರ್ಗಡೆಯಾದ ಪಾಠವನ್ನು ಇನ್ನೊಂದು ವಿಶ್ವವಿದ್ಯಾನಿಲಯವು ತನ್ನ ಪಾಠವೆಂದೇ ಎಣಿಸಿಕೊಳ್ಳುವುದಕ್ಕೆ ಇಂದು ಕ್ರೆಡಿಟ್ ವರ್ಗಾವಣೆ ಎಂದು ಹೆಸರು. ನಾಡಿನ ನಡುಭಾಗದಲ್ಲಿರುವವರಿಗೆ ಇದು ಎಂದಾದರೊಮ್ಮೆ ಬೇಕಾಗುವ ಅನುಕೂಲ. ಗಡಿಯಲ್ಲಿರುವ ನಮಗೆ ಹಾಗಲ್ಲ. ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜಿನಲ್ಲಿ ಒಂದು ವರ್ಷ ಓದಿದ ಮಂಜೇಶ್ವರದ ಹುಡುಗಿಯು ಮದುವೆಯಾಗಿಯೋ ತಂದೆಯ ಉದ್ಯೋಗದ ನಿಮಿತ್ತವಾಗಿಯೋ ಮಂಗಳೂರಿಗೆ ಹೋಗಬೇಕಾದೀತು. ತಾಳವಾಡಿಯ ಹುಡುಗನಿಗೆ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲದ ಕಡೆಗೆ ಹೋಗುವುದಕ್ಕಿಂತ ಚಾಮರಾಜನಗರವೇ ಹತ್ತಿರವೆಂದು ಕಾಣುತ್ತದೆ. ಅಕ್ಕಲಕೋಟೆಯವರಿಗೆ ಕಲಬುರಗಿಯೂ ಜತ್ತದವರಿಗೆ ವಿಜಯಪುರವೂ ನಂಟಸ್ತಿಕೆಯ ಊರುಗಳು. ಹೀಗಿರುವಲ್ಲಿ ಓದಿನ ನಡುವೆ ರಾಜ್ಯದ ಎಲ್ಲೆಯನ್ನು ದಾಟುವ ಪ್ರಸಂಗ ನಮ್ಮ ಮಕ್ಕಳಿಗೆ ಬಂದೇ ಬರುತ್ತದೆ. ಆಗ ಅವರು ಓದಿದ್ದರಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಎಲ್ಲೆಯಲ್ಲೇ ಬಿದ್ದುಹೋಗುತ್ತದೆ ಎಂಬುದನ್ನು ಉಪಾಧ್ಯಾಯರಾದ ನಾವು ತಿಳಿದಿರತಕ್ಕದ್ದು.

ನಮ್ಮ ಕಡೆ ವಿದ್ಯಾರ್ಥಿಯು ಕದಲದಿದ್ದರೂ ವಿಶ್ವವಿದ್ಯಾನಿಲಯವೇ ಕದಲಿದ ಉದಾಹರಣೆಗಳುಂಟು. 1956ರ ನವೆಂಬರ್ 1ರ ವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಚಂದ್ರಗಿರಿಯ ದಡದವನಿಗೂ ನೇತ್ರಾವತಿಯ ದಡದವನಿಗೂ ಆಗ ಇದ್ದುದು ಒಂದೇ ಮದರಾಸು ವಿಶ್ವವಿದ್ಯಾನಿಲಯ. ಆ ದಿನದಿಂದ ದಾರಿ ಎರಡಾಯಿತು. ಮಂಗಳೂರಿನ ಕಾಲೇಜುಗಳು ಮೈಸೂರಿಗೆ ಸೇರಿ, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಅಧೀನಕ್ಕೆ ಬಂದುವು. 1957ರಲ್ಲಿ ಆರಂಭವಾದ ಕಾಸರಗೋಡಿನ ಸರಕಾರಿ ಕಾಲೇಜಾದರೋ ಕೇರಳ ವಿಶ್ವವಿದ್ಯಾನಿಲಯದಿಂದ 1968ರಲ್ಲಿ ಕಲ್ಲಿಕೋಟೆಗೂ 1996ರಲ್ಲಿ ಕಣ್ಣೂರಿಗೂ ಕೈ ಬದಲಾಯಿಸಿತು. ಉತ್ತರದಲ್ಲಿ ಸೊಲ್ಲಾಪುರದ ಕಥೆಯೂ ಇಂಥದೇ. ಮುಂಬಯಿ, 1949ರಿಂದ ಪುಣೆ, 1962ರಿಂದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾನಿಲಯ, 2004ರಿಂದ ಸ್ವಂತದ ಸೊಲ್ಲಾಪುರ ವಿಶ್ವವಿದ್ಯಾನಿಲಯ. ಜತ್ತ ಮಾತ್ರ ಸಾಂಗಲಿ ಜಿಲ್ಲೆಯಲ್ಲಿರುವುದರಿಂದ ಇಂದಿಗೂ ಕೊಲ್ಲಾಪುರದ ಜೊತೆಯಲ್ಲೇ ಇದೆ. ಹೀಗಾಗಿ ಒಂದೇ ಮನೆಯ ಅಜ್ಜ, ಮಗ, ಮೊಮ್ಮಗಳ ಪದವಿ ಪತ್ರಗಳಲ್ಲಿ ಮೂರು ವಿಶ್ವವಿದ್ಯಾನಿಲಯಗಳ ಮುದ್ರೆ ಕಂಡರೆ ಗಡಿಯಲ್ಲಿ ಯಾರೂ ಬೆರಗಾಗುವುದಿಲ್ಲ.

ಆ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯ ಇಡಿಯ ಪದವಿ. ಒಬ್ಬರ ಪದವಿಯನ್ನು ಇನ್ನೊಬ್ಬರು ಮಾನ್ಯಮಾಡುವ ಕೆಲಸಕ್ಕೆ 1925ರಲ್ಲೇ ಅಂತರ ವಿಶ್ವವಿದ್ಯಾನಿಲಯ ಮಂಡಲಿ ಹುಟ್ಟಿತ್ತು. 1973ರಲ್ಲಿ ಅದು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂಬ ಹೆಸರು ತಾಳಿತು. ಬಿ.ಎ. ಮುಗಿಸಿದವನು ಎಂ.ಎ.ಗೆ ಎಲ್ಲಿಗಾದರೂ ಹೋಗಬಹುದಿತ್ತು. ಬಿ.ಎ.ಯನ್ನು ಅರ್ಧ ಮುಗಿಸಿದವನ ಕೈಯಲ್ಲಿದ್ದುದು ಒಡೆದ ನಾಣ್ಯ. ಅದಕ್ಕೆ ಪೇಟೆಯಿರಲಿಲ್ಲ, ಮೊದಲ ವರ್ಷದಿಂದಲೇ ಮತ್ತೆ ಆರಂಭಿಸುವುದು, ಇಲ್ಲವೆ ಓದನ್ನೇ ಬಿಡುವುದು. ಎರಡನೆಯ ದಾರಿಯನ್ನು ಹಿಡಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಒಡೆದ ನಾಣ್ಯಕ್ಕೂ ಬೆಲೆ ಕಟ್ಟುವ ಉಪಾಯವೇ ಕ್ರೆಡಿಟ್. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್ ಪೂರ್ತಿ, ಅಂದರೆ 15 ಗಂಟೆ ನಡೆದ ಉಪನ್ಯಾಸಕ್ಕೆ ಒಂದು ಕ್ರೆಡಿಟ್. ಪ್ರಯೋಗಶಾಲೆಯ ಕೆಲಸವಾದರೆ 30 ಗಂಟೆಗೆ ಒಂದು. ಕಲಿಕೆಯನ್ನು ಗಂಟೆಗಳಲ್ಲಿ ಅಳೆಯುವ ಈ ಪದ್ಧತಿಯ ಮೂಲ ಅಮೆರಿಕದಲ್ಲಿದೆ. ಅದರ ಹಿನ್ನೆಲೆ ಸ್ವಲ್ಪ ವಿನೋದದ್ದು. ಕಾರ್ನೆಗಿಯವರ ದತ್ತಿಸಂಸ್ಥೆ 1906ರ ಸುಮಾರಿಗೆ ಕಾಲೇಜು ಅಧ್ಯಾಪಕರಿಗೆ ನಿವೃತ್ತಿ ವೇತನ ಕೊಡಲು ಹೊರಟಾಗ, ಯಾವುದನ್ನು ಕಾಲೇಜು ಎನ್ನಬೇಕು, ಅದಕ್ಕೆ ಸೇರುವವನು ಪ್ರೌಢಶಾಲೆಯಲ್ಲಿ ಎಷ್ಟು ಓದಿರಬೇಕು ಎಂಬ ಪ್ರಶ್ನೆ ಎದ್ದಿತು. ಒಂದು ವಿಷಯವನ್ನು ವರ್ಷದಲ್ಲಿ 120 ಗಂಟೆ ಓದಿದರೆ ಒಂದು ಘಟಕವೆಂದು ಅಲ್ಲಿ ಗೊತ್ತುಮಾಡಿದರು. ಉಪಾಧ್ಯಾಯರ ಪಿಂಚಣಿಯ ಲೆಕ್ಕಕ್ಕಾಗಿ ಮಾಡಿದ ಅಳತೆ ಕೊನೆಗೆ ಶಿಷ್ಯರ ವಿದ್ಯೆಯ ಅಳತೆಯಾಗಿ ಲೋಕವನ್ನೆಲ್ಲ ಸುತ್ತಿತು.

ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2015ರಿಂದ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯನ್ನು ಎಲ್ಲೆಡೆ ಹಬ್ಬಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, 2021ರ ಜುಲೈ ತಿಂಗಳಲ್ಲಿ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಎಂಬ ಕ್ರೆಡಿಟ್ ಬ್ಯಾಂಕಿನ ನಿಯಮಾವಳಿ ಹೊರಬಿದ್ದಿತು. ಇದು ಹಣದ ಬ್ಯಾಂಕಿನಂತೆಯೇ ಖಾತೆ, ಜಮೆ, ಖರ್ಚುಗಳುಳ್ಳದ್ದು. ವಿದ್ಯಾರ್ಥಿಯು ಡಿಜಿಲಾಕರ್ ಮೂಲಕ ಖಾತೆ ತೆರೆಯುತ್ತಾನೆ. ಜಮೆ ಮಾಡುವ ಅಧಿಕಾರ ಮಾತ್ರ ಅವನಿಗಿಲ್ಲ. ನೋಂದಾಯಿತ ವಿದ್ಯಾಸಂಸ್ಥೆಯೇ ಮಾಡತಕ್ಕದ್ದು. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋದರೆ ಈ ಬ್ಯಾಂಕು ಸ್ವೀಕರಿಸುವುದಿಲ್ಲ. ಜಮೆಯಾದ ಕ್ರೆಡಿಟ್ಟಿನ ಆಯುಸ್ಸು ಸಾಮಾನ್ಯವಾಗಿ ಹೆಚ್ಚೆಂದರೆ 7 ವರ್ಷ. ಒಂದು ಪದವಿಗೆ ಒಮ್ಮೆ ಖರ್ಚಾದ ಕ್ರೆಡಿಟ್ಟನ್ನು ಇನ್ನೊಂದು ಪದವಿಗೆ ಮತ್ತೆ ಬಳಸುವಂತಿಲ್ಲ. 2021-22ಕ್ಕೆ ಮೊದಲು ಗಳಿಸಿದ್ದಕ್ಕೆ ಇಲ್ಲಿ ಜಾಗವಿಲ್ಲ. ಪದವಿ ಕೊಡುವ ಸಂಸ್ಥೆಯಲ್ಲಿಯೇ ಒಟ್ಟು ಕ್ರೆಡಿಟ್ಟಿನ ಅರ್ಧದಷ್ಟನ್ನಾದರೂ ಗಳಿಸಿರಬೇಕು.

ಈ ಕೊನೆಯ ನಿಯಮದ ಮೇಲೆ ನಮ್ಮವರ ಗಮನ ಸಾಲದಷ್ಟು ಹರಿದಿದೆ. ನಾಲ್ಕು ವರ್ಷದ ಪದವಿಗೆ ಆಯೋಗವು ಹೇಳಿದ ಕನಿಷ್ಠ ಮೊತ್ತ 160 ಕ್ರೆಡಿಟ್; ಅದರ ಅರ್ಧವೆಂದರೆ 80, ಸರಿಯಾಗಿ ಎರಡು ವರ್ಷದ ಓದು. ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ ಎಂಬ ಲೆಕ್ಕ ಸಲೀಸಾಗಿ ಕೂಡುತ್ತದೆ. ಮೂರು ವರ್ಷದ ಪದವಿಗಾದರೆ 120. ಅರ್ಧವೆಂದರೆ 60, ಒಂದೂವರೆ ವರ್ಷದ ಓದು. ಕಣ್ಣೂರಿನಲ್ಲಿ ಎರಡು ವರ್ಷ ಪೂರೈಸಿ ಮೂರು ವರ್ಷದ ಪದವಿಗೆಂದು ಬಂದವಳು ತನ್ನ 80 ಕ್ರೆಡಿಟ್ಟಿನಲ್ಲಿ 20ನ್ನಾದರೂ ಹೊಸಿಲ ಹೊರಗೇ ಇಡಬೇಕಾಯಿತು. ಅಂಥವಳಿಗೆ ಉಳಿದ ಒಂದು ವರ್ಷ ಸಾಲದೆ ಇನ್ನರ್ಧ ವರ್ಷ ಹಿಡಿಯುತ್ತದೆ. ಆದಕಾರಣ ಮೂರು ವರ್ಷದ ವ್ಯಾಸಂಗದಲ್ಲಿ ಸ್ಥಳ ಬದಲಾಯಿಸುವುದು ಅನಿವಾರ್ಯವಾದರೆ ಮೊದಲ ವರ್ಷದ ಕೊನೆಯೇ ಅದಕ್ಕೆ ತಕ್ಕ ಕಾಲ. ಎರಡನೆಯ ವರ್ಷವನ್ನೂ ಮುಗಿಸಿಯೇ ಹೋಗಲಿ ಎಂದು ಹಿರಿಯರು ಹೇಳುವ ಬುದ್ಧಿಮಾತು ಇಲ್ಲಿ ನಷ್ಟಕ್ಕೆ ದಾರಿ.

ಇದು ಬರಿಯ ಊಹೆಯ ತೊಡಕಲ್ಲ. ಕರ್ನಾಟಕವು 2021-22ರಲ್ಲಿ ನಾಲ್ಕು ವರ್ಷದ ಪದವಿಯನ್ನು ಒಪ್ಪಿ, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಹಿಂದಿರುಗಿತು, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಇದಕ್ಕೆ ಆಧಾರ. ಅದೇ 2024ರ ಜುಲೈ ತಿಂಗಳಲ್ಲಿ ಕೇರಳವು ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ತಲಪಾಡಿಯ ಈಚೆಯವರು ಹತ್ತಿದ ಮೆಟ್ಟಲನ್ನು ಆಚೆಯವರು ಅದೇ ವರ್ಷ ಇಳಿದರು. ಯಾವುದು ಮೇಲು ಎಂಬ ಚರ್ಚೆ ಈ ಲೇಖನಕ್ಕೆ ಹೊರಗು. ಮೊತ್ತಗಳೂ ಬೇರೆ ಬೇರೆ. ಕೇರಳದಲ್ಲಿ ಮೂರು ವರ್ಷಕ್ಕೆ 133, ನಾಲ್ಕಕ್ಕೆ 177. ಮಹಾರಾಷ್ಟ್ರದಲ್ಲಿ ಮೂರು ವರ್ಷಕ್ಕೆ 120ರಿಂದ 132ರ ವರೆಗೆ, ನಾಲ್ಕಕ್ಕೆ 160ರಿಂದ 176. ತಮಿಳುನಾಡಿನ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಮೂರು ವರ್ಷಕ್ಕೆ ಸಾಮಾನ್ಯವಾಗಿ 140. ಮೆಟ್ರಿಕ್ ಅಳತೆ ಬರುವ ಮೊದಲು ಸೇರು ಎಂಬ ಒಂದೇ ಹೆಸರಿನ ಮಾಪು ಊರಿಂದೂರಿಗೆ ಬೇರೆಯಾಗಿದ್ದುದನ್ನು ಹಳಬರು ಬಲ್ಲರು. ಕ್ರೆಡಿಟ್ಟಿನ ಹೆಸರೂ ಒಂದೇ, ಗಂಟೆಯ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಪದವಿಯೆಂಬ ಚೀಲ ತುಂಬಲು ಎಷ್ಟು ಸೇರು ಬೇಕೆಂಬಲ್ಲಿ ಮಾತ್ರ ಒಮ್ಮತವಿಲ್ಲ.

ಇಷ್ಟಾದರೂ ಸಂಖ್ಯೆಯ ತೊಡಕು ಸಣ್ಣದು. ಕೂಡಿ ಕಳೆದು ಸರಿಮಾಡಬಹುದು. ಬ್ಯಾಂಕು ಎಣಿಸುತ್ತದೆಯೇ ಹೊರತು ತೂಗಿ ನೋಡುವುದಿಲ್ಲ ಎಂಬುದೇ ದೊಡ್ಡ ತೊಡಕು. ಖಾತೆಯಲ್ಲಿರುವ 42 ಕ್ರೆಡಿಟ್ಟಿನಲ್ಲಿ ಯಾವುದು ತನ್ನ ಪಠ್ಯಕ್ರಮಕ್ಕೆ ಸಮಾನ, ಯಾವುದು ಅಲ್ಲ ಎಂದು ನಿರ್ಣಯಿಸುವ ಹಕ್ಕು ಸೇರಿಸಿಕೊಳ್ಳುವ ವಿಶ್ವವಿದ್ಯಾನಿಲಯದ್ದು. ವಾಸ್ತವದಲ್ಲಿ ಅಲ್ಲಿನ ಅಧ್ಯಯನ ಮಂಡಲಿಯದು. ಮಂಡಲಿಯ ಮುಂದೆ ಏನಾಗಬಹುದೆಂಬುದಕ್ಕೆ ಒಂದು ಮಾದರಿ ಲೆಕ್ಕ ಹಾಕೋಣ. ಕಾಸರಗೋಡಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಎರಡು ಸೆಮಿಸ್ಟರಿನಲ್ಲಿ ಮುಖ್ಯ ವಿಷಯಕ್ಕೆ 8, ಎರಡು ಉಪವಿಷಯಗಳಿಗೆ ತಲಾ 8ರಂತೆ 16, ಇಂಗ್ಲಿಷಿಗೆ 6, ಕನ್ನಡಕ್ಕೆ 6, ಬೇರೆ ಜ್ಞಾನಶಾಖೆಯ ಪರಿಚಯ ಪಾಠಗಳಿಗೆ 6, ಅಂತೂ 42 ಕ್ರೆಡಿಟ್ ಗಳಿಸಿದಳೆಂದು ಇಟ್ಟುಕೊಳ್ಳಿ. ಕರ್ನಾಟಕದ ಈಗಿನ ಕ್ರಮದಲ್ಲಿ ಬಿ.ಎ.ಗೆ ಮೂರು ವಿಷಯಗಳು ಸಮಾನ ತೂಕದವು. ಅದೃಷ್ಟವಶಾತ್ ಅವಳ ಮುಖ್ಯ ಹಾಗೂ ಉಪವಿಷಯಗಳು ಹೊಸ ಕಾಲೇಜಿನ ಮೂರು ವಿಷಯಗಳ ಗುಂಪಿಗೆ ಹೊಂದಿದರೆ 24 ಉಳಿಯಿತು. ಒಂದು ಹೊಂದದಿದ್ದರೆ 16. ಇಂಗ್ಲಿಷಿನ 6ಕ್ಕೆ ಪ್ರಾಯಶಃ ತಕರಾರಿಲ್ಲ. ಪರಿಚಯ ಪಾಠಗಳಿಗೆ ಅಲ್ಲಿ ಅದೇ ಬಗೆಯ ಗೂಡಿಲ್ಲದಿದ್ದರೆ ಆ 6 ಹೋಯಿತು. ಉಳಿದುದು ಕನ್ನಡದ 6.

ಈ ಕನ್ನಡದ ಆರನ್ನು ಕುರಿತು ನಾಲ್ಕು ಮಾತು ಹೆಚ್ಚಾಗಿ ಹೇಳುವುದು ನಮಗೆ ಅವಶ್ಯವೆನಿಸುತ್ತದೆ. ಸಮಾನತೆಯನ್ನು ಗೊತ್ತುಮಾಡುವಾಗ ಎರಡು ಪಠ್ಯಕ್ರಮಗಳನ್ನು ಪಕ್ಕಪಕ್ಕದಲ್ಲಿಟ್ಟು ಘಟಕಗಳು ನೂರಕ್ಕೆ ಎಷ್ಟರ ಮಟ್ಟಿಗೆ ಹೊಂದುತ್ತವೆ ಎಂದು ನೋಡುವ ರೂಢಿಯಿದೆ. ರಸಾಯನ ಶಾಸ್ತ್ರಕ್ಕೆ ಇದು ಒಪ್ಪತಕ್ಕ ಅಳತೆ. ಕಾರ್ಬನ್ ಸಂಯುಕ್ತಗಳನ್ನು ಓದದವನನ್ನು ಅದರ ಮುಂದಿನ ಪಾಠಕ್ಕೆ ಕೂರಿಸಿದರೆ ಅವನಿಗೇ ಕಷ್ಟ. ಭಾಷೆಯ ಪತ್ರಿಕೆಗೆ ಈ ಅಳತೆ ಒಪ್ಪುವುದಿಲ್ಲ. ಒಂದೆಡೆ ಹಳಗನ್ನಡ ಕಾವ್ಯದ ಒಂದು ಭಾಗ, ನಾಲ್ಕು ಸಣ್ಣ ಕಥೆ, ಒಂದು ನಾಟಕ ಇದ್ದೀತು; ಇನ್ನೊಂದೆಡೆ ವಚನ, ಪ್ರಬಂಧ, ಒಂದು ಕಾದಂಬರಿ. ಪಠ್ಯಗಳನ್ನು ಹೋಲಿಸಿದರೆ ಹೊಂದಿಕೆ ಸೊನ್ನೆ. ಹಾಗೆಂದು ಇಬ್ಬರು ವಿದ್ಯಾರ್ಥಿಗಳ ಕನ್ನಡದಲ್ಲಿ ಏನು ಅಂತರವಾಯಿತು? ಭಾಷಾಪತ್ರಿಕೆಯ ಉದ್ದೇಶ ಓದುವ, ಬರೆಯುವ, ಸಾಹಿತ್ಯವನ್ನು ಸವಿಯುವ ಶಕ್ತಿಯೇ ಹೊರತು ಇಂಥದೇ ಹತ್ತು ಪಾಠಗಳ ಪರಿಚಯವಲ್ಲ. ಒಂದೇ ವಿಶ್ವವಿದ್ಯಾನಿಲಯವೇ ತನ್ನ ಕನ್ನಡ ಪಠ್ಯವನ್ನು ಕೆಲವು ವರ್ಷಗಳಿಗೊಮ್ಮೆ ಪೂರ್ತಿ ಬದಲಾಯಿಸುತ್ತದೆ. ಹಾಗೆಂದು ಹಿಂದಿನ ತಂಡದವರು ಕನ್ನಡ ಓದಿಲ್ಲವೆಂದು ಅದು ಹೇಳುವುದಿಲ್ಲ. ಗಡಿಯಾಚೆಯ ಕನ್ನಡಕ್ಕೂ ಅದೇ ನ್ಯಾಯ ಸಲ್ಲಬೇಕು. ಮಲಯಾಳ ಅಥವಾ ಮರಾಠಿಯ ನಡುವೆ ಹಠ ಹಿಡಿದು ಕನ್ನಡವನ್ನೇ ಆರಿಸಿಕೊಂಡ ಹುಡುಗಿಯು ಕನ್ನಡನಾಡಿಗೆ ಬಂದಾಗ ಬಿದ್ದುಹೋಗುವ ಮೊದಲ ಕ್ರೆಡಿಟ್ ಕನ್ನಡದ್ದೇ ಆದರೆ, ಮುಂದಿನ ವರ್ಷ ಅವಳ ತಂಗಿ ಯಾವ ಭಾಷೆಯನ್ನು ಆರಿಸಿಕೊಳ್ಳುತ್ತಾಳೆಂಬುದನ್ನು ಊಹಿಸುವುದು ಕಷ್ಟವಲ್ಲ.

ತಾಳವಾಡಿ, ಹೊಸೂರು, ನೀಲಗಿರಿಗಳ ಸಮಸ್ಯೆ ಇದಕ್ಕಿಂತ ಬೇರೆ. ತಮಿಳುನಾಡಿನ ಪದವಿ ವ್ಯಾಸಂಗ ಭಾಗಗಳಾಗಿ ವಿಂಗಡವಾಗಿದೆ. ಒಂದನೆಯ ಭಾಗ ತಮಿಳು ಅಥವಾ ಬೇರೊಂದು ಭಾಷೆ, ಎರಡನೆಯದು ಇಂಗ್ಲಿಷ್, ಮೂರನೆಯದು ಮುಖ್ಯ ವಿಷಯ ಹಾಗೂ ಅದಕ್ಕೆ ಪೋಷಕವಾದವು. ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರಿಲ್ಲದಲ್ಲಿ ಕನ್ನಡ ಮನೆಮಾತಿನವನೂ ತಮಿಳನ್ನೇ ಓದಿರುತ್ತಾನೆ. ಅವನ ತಮಿಳಿನ ಕ್ರೆಡಿಟ್ ಭಾಷೆಯೆಂಬ ತಲೆಬರಹದಡಿಯಲ್ಲಿ ಮಾನ್ಯವಾಗಬೇಕೆ, ಅಥವಾ ಮೊದಲ ಸೆಮಿಸ್ಟರಿನ ಕನ್ನಡವನ್ನು ಅವನು ಹೊಸದಾಗಿ ಬರೆಯಬೇಕೆ? ನಮ್ಮ ಅಭಿಪ್ರಾಯದಲ್ಲಿ ಮೊದಲನೆಯದೇ ನ್ಯಾಯ. ತಮಿಳು ಓದಿದ್ದೂ ವಿದ್ಯೆಯೇ. ಕನ್ನಡ ಬೇಕೆಂದಿದ್ದರೆ ಮುಂದಿನ ಸೆಮಿಸ್ಟರುಗಳಲ್ಲಿ ಓದಿಸಿಕೊಳ್ಳಲಿ.

ಮಂಡಲಿ ಒಪ್ಪಿತೆಂದರೂ ಕೆಲಸ ಮುಗಿಯಲಿಲ್ಲ. ಸೇರುವ ಕಾಲೇಜಿನ ಆ ತರಗತಿಯಲ್ಲಿ ಸ್ಥಾನ ತೆರವಾಗಿರಬೇಕು. ನಡುವರ್ಷದಲ್ಲಿ ಬರುವಂತಿಲ್ಲ, ಮೂರನೆಯ ಅಥವಾ ಐದನೆಯ ಸೆಮಿಸ್ಟರಿನ ಆರಂಭದಲ್ಲಿ ಸೇರಿಸಿಕೊಳ್ಳುವುದು ಸಾಮಾನ್ಯ ವಾಡಿಕೆ. ಹಳೆಯ ಕಾಲೇಜಿನ ವರ್ಗಾವಣೆ ಪತ್ರ, ಹಳೆಯ ವಿಶ್ವವಿದ್ಯಾನಿಲಯದ ವಲಸೆ ಪತ್ರ ಈ ಎರಡೂ ಕಾಗದಗಳು ಬ್ಯಾಂಕು ಬಂದ ಮೇಲೂ ತಮ್ಮ ಜಾಗ ಬಿಟ್ಟು ಕದಲಿಲ್ಲ. ಬಾಕಿಯುಳಿದ ಪತ್ರಿಕೆಗಳನ್ನು ಹೊಸ ಸೆಮಿಸ್ಟರಿನ ಪಾಠಗಳ ಜೊತೆಯಲ್ಲೇ ಬರೆಯಬೇಕಾಗುವುದರಿಂದ ಮೊದಲ ಆರು ತಿಂಗಳ ಹೊರೆ ಸಣ್ಣದಲ್ಲ.

ಶ್ರೇಣಿಯ ವಿಷಯದಲ್ಲಿ ಒಂದು ಎಚ್ಚರ. ಹತ್ತರ ಮಾಪಕ ಎಲ್ಲೆಡೆ ಬಳಕೆಯಲ್ಲಿದ್ದರೂ ಅದನ್ನು ಶೇಕಡಾ ಅಂಕಗಳಿಗೆ ಇಳಿಸುವ ಸೂತ್ರ ಒಂದೇ ಅಲ್ಲ. ಕೆಲವೆಡೆ ಸರಾಸರಿಯನ್ನು ಹತ್ತರಿಂದ ಗುಣಿಸುತ್ತಾರೆ. ಕೆಲವೆಡೆ ಮೊದಲು ಮುಕ್ಕಾಲನ್ನು ಕಳೆದು ಆಮೇಲೆ ಗುಣಿಸುತ್ತಾರೆ. ಒಂದೇ 8 ಒಂದು ಕಡೆ ಶೇ. 80, ಇನ್ನೊಂದು ಕಡೆ ಶೇ. 72.5. ವಿದ್ಯಾರ್ಥಿವೇತನಕ್ಕೂ ಬಿ.ಎಡ್. ಪ್ರವೇಶಕ್ಕೂ ಈ ಏಳೂವರೆ ಅಲ್ಪವಲ್ಲ. ಕ್ರೆಡಿಟ್ ಮಾತ್ರ ಬರುತ್ತದೆಯೋ, ಜೊತೆಗೆ ಶ್ರೇಣಿಯೂ ಬರುತ್ತದೆಯೋ ಎಂಬುದನ್ನು ಸೇರುವ ಮೊದಲೇ ಬರಹದಲ್ಲಿ ಪಡೆದುಕೊಳ್ಳುವುದು ಲೇಸು.

ಇನ್ನು ಹೆಸರಿನ ತಂಟೆ. ಇದನ್ನು ಕೇಳಿದರೆ ನಗು ಬರಬಹುದು, ಅನುಭವಿಸುವವರಿಗೆ ಬರುವುದಿಲ್ಲ. ಖಾತೆ ತೆರೆಯುವಾಗ ಆಧಾರ್ ಕಾರ್ಡಿನ ಹೆಸರೂ ಕಾಲೇಜಿನ ದಾಖಲೆಯ ಹೆಸರೂ ಹೊಂದಬೇಕು. ಕಾಸರಗೋಡಿನಲ್ಲಿ ಮನೆತನದ, ತಂದೆಯ ಹೆಸರಿನ ಮೊದಲಕ್ಷರಗಳು ಒಮ್ಮೆ ಹೆಸರಿನ ಹಿಂದೆ, ಒಮ್ಮೆ ಮುಂದೆ ಬಂದು ಕೂರುತ್ತವೆ. ಕನ್ನಡದ ಹೆಸರು ಮಲಯಾಳ ಲಿಪಿಯ ಮೂಲಕ ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ ಒಂದು ಅಕ್ಷರ ಕೂಡಿಕೊಂಡಿರುತ್ತದೆ ಅಥವಾ ಕಳೆದುಹೋಗಿರುತ್ತದೆ. ಸೊಲ್ಲಾಪುರದ ಕಡೆ ಅಡ್ಡಹೆಸರು ಮೊದಲು, ತನ್ನ ಹೆಸರು ಆಮೇಲೆ, ತಂದೆಯ ಹೆಸರು ಕೊನೆಗೆ. ಗಡಿ ದಾಟಿದ ಕೂಡಲೇ ಅದು ಬೇರೆ ಮನುಷ್ಯನ ಹೆಸರಿನಂತೆ ಕಾಣುತ್ತದೆ. ಇದಕ್ಕೆ ಮದ್ದು ಪ್ರೌಢಶಾಲೆಯಲ್ಲೇ ಇದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಮುನ್ನ ಆಧಾರ್ ಕಾರ್ಡಿನೊಡನೆ ಒಮ್ಮೆ ತಾಳೆ ನೋಡಿದರೆ ಐದು ವರ್ಷಗಳ ತರುವಾಯದ ಅಲೆದಾಟ ತಪ್ಪುತ್ತದೆ.

ಉಪಾಧ್ಯಾಯರಿಂದ ಆಗಬಹುದಾದ ಬೇರೆ ಕೆಲಸಗಳೂ ಇವೆ. ವಿದ್ಯಾರ್ಥಿಯು ಓದಿದ ವರ್ಷದ ಪಠ್ಯಕ್ರಮವನ್ನು, ಘಟಕ ಹಾಗೂ ಗಂಟೆಗಳ ವಿವರ ಸಹಿತವಾಗಿ, ಪ್ರಾಂಶುಪಾಲರ ಮುದ್ರೆ ಹಾಕಿಸಿ ತೆಗೆದಿರಿಸುವಂತೆ ಹೇಳಬೇಕು. ಎರಡು ವರ್ಷ ಕಳೆದ ಮೇಲೆ ಪಠ್ಯ ಬದಲಾಗಿ, ತಾನು ಓದಿದ್ದೇನೆಂಬುದಕ್ಕೆ ಪುರಾವೆಯೇ ಸಿಗದೆ ಹೋಗುವುದುಂಟು. ಆ ಪಠ್ಯಕ್ರಮ ಮರಾಠಿಯಲ್ಲೋ ಮಲಯಾಳದಲ್ಲೋ ಇದ್ದರೆ ಇಂಗ್ಲಿಷ್ ಪ್ರತಿಯನ್ನು ಅಲ್ಲಿಯೇ ಕೇಳಿ ಪಡೆಯುವುದು ಒಳ್ಳೆಯದು. ಆಯೋಗದ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇ. 40ರ ವರೆಗೆ 'ಸ್ವಯಂ' ಎಂಬ ರಾಷ್ಟ್ರೀಯ ಆನ್‌ಲೈನ್ ವೇದಿಕೆಯಿಂದ ಪಡೆಯಲು ವಿಶ್ವವಿದ್ಯಾನಿಲಯಗಳು ಅವಕಾಶ ಕೊಡಬಹುದು. ಸ್ಥಳ ಬದಲಾಗುವ ಸಂಭವವಿರುವ ವಿದ್ಯಾರ್ಥಿಯು ಒಂದೆರಡು ಪಾಠಗಳನ್ನು ಅಲ್ಲಿ ಮುಗಿಸಿದ್ದರೆ ಅದು ಯಾವ ರಾಜ್ಯದ್ದೂ ಅಲ್ಲದ ಪಾಠವಾದ್ದರಿಂದ ಪಠ್ಯ ಹೋಲಿಸುವ ಜಗಳ ಕಡಮೆ. ಆದರೆ ಎರಡೂ ವಿಶ್ವವಿದ್ಯಾನಿಲಯಗಳು ಆ ಪಾಠವನ್ನು ತಮ್ಮ ಪಟ್ಟಿಯಲ್ಲಿ ಸೇರಿಸಿಕೊಂಡಿವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಯೂರೋಪಿನಲ್ಲಿ 1989ರಿಂದ ನಡೆದು ಬಂದ ಕ್ರೆಡಿಟ್ ವರ್ಗಾವಣೆಯ ಏರ್ಪಾಟಿನಲ್ಲಿ ನಾವು ಮೆಚ್ಚುವ ಒಂದು ಅಂಶವುಂಟು. ಅಲ್ಲಿ ವರ್ಷವೊಂದಕ್ಕೆ 60 ಕ್ರೆಡಿಟ್. ವಿದ್ಯಾರ್ಥಿಯು ಬೇರೆ ದೇಶಕ್ಕೆ ಹೊರಡುವ ಮೊದಲೇ ಯಾವ ಯಾವ ಪಾಠಗಳು ಮಾನ್ಯವಾಗುತ್ತವೆಂಬ ಒಪ್ಪಂದಕ್ಕೆ ಅವನೂ ಕಳುಹಿಸುವ ಸಂಸ್ಥೆಯೂ ಸೇರಿಸಿಕೊಳ್ಳುವ ಸಂಸ್ಥೆಯೂ ಸಹಿ ಹಾಕುತ್ತಾರೆ. ಹೋದ ಮೇಲೆ ಬೇಡುವುದಿಲ್ಲ, ಹೋಗುವ ಮೊದಲೇ ತಿಳಿದಿರುತ್ತದೆ. ನಮ್ಮ ಗಡಿಯುದ್ದಕ್ಕೂ ಇಂಥ ಒಪ್ಪಂದಕ್ಕೆ ಹೆಚ್ಚಿನ ಹಣವೇನೂ ಬೇಕಿಲ್ಲ. ಕಣ್ಣೂರು ಮತ್ತು ಮಂಗಳೂರು, ಸೊಲ್ಲಾಪುರ ಮತ್ತು ಕಲಬುರಗಿ, ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ ಮತ್ತು ಬಳ್ಳಾರಿ, ಹೀಗೆ ಜೋಡಿ ಜೋಡಿಯಾಗಿ ಕನ್ನಡದ ಅಧ್ಯಯನ ಮಂಡಲಿಗಳ ಸದಸ್ಯರು ಒಂದು ದಿನ ಕೂತು, ಈ ಪತ್ರಿಕೆ ಆ ಪತ್ರಿಕೆಗೆ ಸಮಾನವೆಂಬ ಎರಡು ಪುಟದ ಪಟ್ಟಿಯನ್ನು ಮಾಡಿ ತಮ್ಮ ತಮ್ಮ ವಿದ್ಯಾವಿಷಯಕ ಪರಿಷತ್ತುಗಳ ಮುಂದಿಟ್ಟರೆ ಸಾಕು. ಮಂಡಲಿಗಳಲ್ಲಿ ಕೂರುವವರು ಬೇರೆ ಯಾರೋ ಅಲ್ಲ. ಇಂಥ ಸಂಚಿಕೆಗಳ ವಾಚಕರಲ್ಲೇ ಕೆಲವರು. ಪಠ್ಯಕ್ರಮ ಪರಿಷ್ಕಾರವಾಗುವಾಗಲೆಲ್ಲ ಆ ಪಟ್ಟಿಯನ್ನೂ ತಿದ್ದಬೇಕಾಗುತ್ತದೆ. ಕನ್ನಡದ ಪತ್ರಿಕೆಗಳಿಂದ ಆರಂಭಿಸುವುದು ಸುಲಭ. ಇತಿಹಾಸ, ಅರ್ಥಶಾಸ್ತ್ರಗಳು ಆಮೇಲೆ ಬರಲಿ.